ಸಿ.ಸಿ. ಟಿ.ವಿ. ಕ್ಯಾಮೆರಾ ನಿರ್ವಹಣೆ: ಗ್ರಾಮ ಪಂಚಾಯತಿಯು ಲಿಖಿತ ಕಾರ್ಯವಿಧಾನ ರಚಿಸುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ: ತಮ್ಮ ಪಂಚಾಯತಿಯ ಕ್ಯಾಮೆರಾಗಳ ಬಳಕೆಗೆ ಎರಡು ಪುಟಗಳ ಕಾರ್ಯವಿಧಾನವನ್ನು ಸಿದ್ಧಪಡಿಸಿ, ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಅಂಗೀಕರಿಸಲು ಸದಸ್ಯರು ಶಕ್ತರಾಗುವುದು.

ಪೀಠಿಕೆ

ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೂ ಮೈಲಾರದ ಕಾರ್ಣಿಕಕ್ಕೂ ಬರುವ ಪಾದಯಾತ್ರಿಗಳು ಅನೇಕ ಗ್ರಾಮ ಪಂಚಾಯತಿಗಳ ರಸ್ತೆಗಳನ್ನು ಹಾದು ಬರುತ್ತಾರೆ. ಬಸ್ ನಿಲ್ದಾಣ, ಮುಖ್ಯ ವೃತ್ತ, ಕಸ ಸುರಿಯುವ ತಾಣ, ಪಂಚಾಯತಿ ಕಚೇರಿ ಮುಂತಾದೆಡೆ ಕ್ಯಾಮೆರಾ ಬೇಕೆಂಬ ಬೇಡಿಕೆ ಸಹಜವಾದುದೇ. ಕ್ಯಾಮೆರಾ ಕೊಳ್ಳುವುದು ಒಂದು ದಿನದ ಕೆಲಸ. ಅದು ದಾಖಲಿಸಿದ ದೃಶ್ಯವು ಬೇಕಾದ ದಿನ ಉಳಿದಿರುತ್ತದೆಯೇ, ಯಾರ ಕೈಗೆ ಸೇರುತ್ತದೆ ಎಂಬುದು ಪಂಚಾಯತಿಯು ಮೊದಲೇ ಬರೆದಿಟ್ಟ ನಿಯಮವನ್ನು ಅವಲಂಬಿಸಿದೆ. ನಿಯಮವಿಲ್ಲದ ಕ್ಯಾಮೆರಾ ಕಳವಾದವನಿಗೂ ನೆರವಾಗದು, ದಾರಿಹೋಕರ ಮಾನವನ್ನೂ ಕಾಯದು.

1. ಕಾನೂನಿನ ನೆಲೆ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಆತನ ಅಥವಾ ಆಕೆಯ ಒಪ್ಪಿಗೆಯಿಲ್ಲದೆ ತೆಗೆಯುವುದು ಹಾಗೂ ಹರಡುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಇ ಅಡಿಯಲ್ಲಿ ಶಿಕ್ಷಾರ್ಹ ಅಪರಾಧ. ಮೂರು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರೂ ಸ್ಥಳೀಯ ಸಂಸ್ಥೆಗಳೂ ಗಮನದಲ್ಲಿರಿಸಿಕೊಳ್ಳಬೇಕಾದ, 12 ತತ್ತ್ವಗಳುಳ್ಳ ಕ್ಯಾಮೆರಾ ಸಂಹಿತೆಯೊಂದು 2013ರಿಂದ ಇದೆ. ಉದ್ದೇಶ ಸ್ಪಷ್ಟವಿರಬೇಕೆಂಬುದು ಅದರ ಮೊದಲ ತತ್ತ್ವ.

2. ಉದ್ದೇಶ ಮತ್ತು ಸ್ಥಳ

ಪ್ರತಿ ಕ್ಯಾಮೆರಾಕ್ಕೂ ಒಂದು ವಾಕ್ಯದ ಉದ್ದೇಶವನ್ನು ಬರೆಯತಕ್ಕದ್ದು. "ಗ್ರಾಮದ ಸುರಕ್ಷತೆಗಾಗಿ" ಎಂದರೆ ಸಾಲದು. "ಬಸ್ ನಿಲ್ದಾಣದ ಬಳಿ ದ್ವಿಚಕ್ರ ವಾಹನಗಳ ಕಳವನ್ನು ಪತ್ತೆ ಹಚ್ಚಲು" ಎಂಬಂತಿರಬೇಕು. ಶೌಚಾಲಯ, ಬಟ್ಟೆ ಒಗೆಯುವ ಮತ್ತು ಸ್ನಾನದ ಸ್ಥಳ, ಮನೆಯ ಬಾಗಿಲು, ಕಿಟಕಿಗಳು ಚೌಕಟ್ಟಿನೊಳಗೆ ಬರಕೂಡದು. ಕ್ಯಾಮೆರಾ ಇರುವೆಡೆಯಲ್ಲಿ ಉದ್ದೇಶವನ್ನೂ ಹೊಣೆಗಾರ ಅಧಿಕಾರಿಯ ಪದನಾಮವನ್ನೂ ತಿಳಿಸುವ ಕನ್ನಡ ಫಲಕವನ್ನು ಹಾಕಿಸುವುದು. ಸ್ಥಳ ನಿಗದಿಗೆ ಮುನ್ನ ಸದಸ್ಯರು, ವಿಶೇಷವಾಗಿ ಮಹಿಳಾ ಸದಸ್ಯರು, ಚಿತ್ರವನ್ನು ಪರದೆಯ ಮೇಲೆ ಕಂಡು ಒಪ್ಪಿಗೆ ನೀಡುವುದು ಉಚಿತ.

3. ಸಂಗ್ರಹಣೆಯ ಅವಧಿ

ಜನರು ಹೆಚ್ಚಾಗಿ ಸೇರುವ ಸಂಸ್ಥೆಗಳಿಗೆ ಅನ್ವಯಿಸುವ ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಅಧಿನಿಯಮ, 2017, ದೃಶ್ಯಾವಳಿಯನ್ನು 30 ದಿನ ಕಾಯ್ದಿಡಬೇಕೆನ್ನುತ್ತದೆ. ಪಂಚಾಯತಿಯೂ ಇದನ್ನೇ ಕನಿಷ್ಠ ಅವಧಿಯಾಗಿ ಸ್ವೀಕರಿಸಬಹುದು. ಆದರೆ ಕಾಗದದ ಮೇಲಿನ 30 ದಿನಗಳು ಯಂತ್ರದಲ್ಲಿಯೂ ಇವೆಯೇ ಎಂಬುದನ್ನು ಲೆಕ್ಕ ಹಾಕಬೇಕು.

ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಹಗಲಿರುಳು ಚಿತ್ರೀಕರಿಸುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 21.6 ಜಿ.ಬಿ. ಸ್ಥಳ ಬೇಕು, ನಾಲ್ಕು ಕ್ಯಾಮೆರಾಗಳಿಗೆ 86.4 ಜಿ.ಬಿ. ಹೀಗಿರುವಾಗ 1 ಟಿ.ಬಿ. ಹಾರ್ಡ್ ಡಿಸ್ಕ್ 11 ದಿನಗಳಲ್ಲಿ ತುಂಬಿ, ಹಳೆಯ ದೃಶ್ಯದ ಮೇಲೆಯೇ ಹೊಸ ದೃಶ್ಯ ದಾಖಲಾಗತೊಡಗುತ್ತದೆ. ಹನ್ನೆರಡನೆಯ ದಿನ ದೂರು ತಂದವನಿಗೆ ತೋರಿಸಲು ಏನೂ ಉಳಿಯದು. 30 ದಿನಗಳಿಗೆ ಸುಮಾರು 2.6 ಟಿ.ಬಿ. ಅಗತ್ಯ, ಆದುದರಿಂದ 4 ಟಿ.ಬಿ. ಡಿಸ್ಕ್ ಖರೀದಿಸುವುದು ಲೇಸು. ಡಿ.ವಿ.ಆರ್. ಗಡಿಯಾರವನ್ನು ವಾರಕ್ಕೊಮ್ಮೆ ಸರಿಪಡಿಸತಕ್ಕದ್ದು. ಸಮಯ ತಪ್ಪಿದ ದೃಶ್ಯವು ಸಾಕ್ಷ್ಯವಾಗಿ ದುರ್ಬಲವಾಗುತ್ತದೆ.

4. ವೀಕ್ಷಣೆಯ ಅಧಿಕಾರ

ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹಾಗೂ ಸಭೆಯು ನಿರ್ಣಯಿಸಿದ ಒಬ್ಬ ಸಿಬ್ಬಂದಿಗೆ ಮಾತ್ರ ಪಾಸ್‌ವರ್ಡ್ ಇರತಕ್ಕದ್ದು. ಕ್ಯಾಮೆರಾ ಅಳವಡಿಸಿದವರು ಇಟ್ಟ ಪಾಸ್‌ವರ್ಡನ್ನು ಅದೇ ದಿನ ಬದಲಿಸಬೇಕು. ಅಧ್ಯಕ್ಷರು, ಸದಸ್ಯರು ತಮ್ಮ ಮೊಬೈಲಿನಲ್ಲಿ ನೇರ ದೃಶ್ಯ ನೋಡುವ ಪದ್ಧತಿ ಬೇಡ. ಯಾರು ಯಾರ ಮನೆಯ ಕಡೆ ಹೋದರೆಂಬುದು ರಾಜಕೀಯದ ಸರಕಾದರೆ ಗ್ರಾಮದ ನೆಮ್ಮದಿ ಕೆಡುತ್ತದೆ. ವೀಕ್ಷಿಸಿದ ದಿನಾಂಕ, ಸಮಯ, ಕಾರಣ, ಸಹಿಗಳನ್ನು ವಹಿಯಲ್ಲಿ ನಮೂದಿಸುವುದು. ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿದು ವಾಟ್ಸ್ಆ್ಯಪ್‌ನಲ್ಲಿ ಹಂಚುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕು.

5. ದೃಶ್ಯಾವಳಿ ನೀಡಿಕೆ

ಪೊಲೀಸರಿಗೆ: ಲಿಖಿತ ಕೋರಿಕೆ ಪಡೆದು, ಪ್ರತಿ ನೀಡಿ, ಸ್ವೀಕೃತಿ ಪಡೆಯುವುದು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರವನ್ನು ಜೊತೆಗಿಡುವುದು. ಇದರ ಮಹತ್ವವನ್ನು ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ ಚುನಾವಣಾ ತಕರಾರು ತೋರಿಸುತ್ತದೆ. ನಾಮಪತ್ರ ಸಲ್ಲಿಕೆಯ ವೇಳೆಯನ್ನು ಕಚೇರಿಯ ವಿಡಿಯೊ ದಾಖಲಿಸಿತ್ತು. ಪ್ರಮಾಣಪತ್ರವನ್ನು ಪದೇ ಪದೇ ಕೇಳಿದರೂ ಅಧಿಕಾರಿಗಳಿಂದ ದೊರೆಯಲಿಲ್ಲ. ಮೂಲ ಉಪಕರಣವನ್ನೇ ಹಾಜರುಪಡಿಸದಿದ್ದಲ್ಲಿ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ 14ರಂದು ಸ್ಪಷ್ಟಪಡಿಸಿತು. ಅಂದಿನ ಕಲಂ 65ಬಿ ಸ್ಥಾನದಲ್ಲಿ, 2024ರ ಜುಲೈ 1ರಿಂದ ಕಲಂ 63 ಜಾರಿಯಲ್ಲಿದೆ.

ನಾಗರಿಕರಿಗೆ: ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಉತ್ತರಿಸಲು 30 ದಿನಗಳ ಅವಕಾಶವಿದೆ. ಆದರೆ ಅಷ್ಟರಲ್ಲಿ ದೃಶ್ಯವೇ ಅಳಿದಿರಬಹುದು. ಆದಕಾರಣ ಅರ್ಜಿ ಅಥವಾ ದೂರು ಬಂದ ದಿನವೇ ಆ ಭಾಗವನ್ನು ಪ್ರತ್ಯೇಕ ಡಿಸ್ಕಿಗೆ ಪ್ರತಿ ಮಾಡಿ, ಅಂತಿಮ ತೀರ್ಮಾನದವರೆಗೆ ಕಾಯ್ದಿಡಬೇಕೆಂದು ಬರೆಯತಕ್ಕದ್ದು. ಕೊಡುವುದೋ ಬಿಡುವುದೋ ಎಂಬುದು ಅನಂತರದ ಪ್ರಶ್ನೆ.

6. ಪರಿಶೀಲನೆ

ಪೊಲೀಸ್ ಠಾಣೆಗಳ ಕ್ಯಾಮೆರಾಗಳ ಮೇಲ್ವಿಚಾರಣೆಗೆ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಜಿಲ್ಲಾ ಸಮಿತಿಗಳನ್ನು ರಚಿಸಲು ಆದೇಶಿಸಿ, ಗ್ರಾಮಾಂತರ ಪ್ರದೇಶದಲ್ಲಿ ಜಿಲ್ಲಾ ಪಂಚಾಯತಿಯ ಮುಖ್ಯಸ್ಥರಿಗೂ ಅದರಲ್ಲಿ ಸ್ಥಾನ ನೀಡಿತು. ಕಾಯುವವರನ್ನೂ ಕಾಯುವವರಿರಬೇಕೆಂಬ ಈ ತತ್ತ್ವ ಗ್ರಾಮಕ್ಕೂ ಅನ್ವಯಿಸುತ್ತದೆ. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಮೂರು ತಿಂಗಳಿಗೊಮ್ಮೆ ವೀಕ್ಷಣಾ ವಹಿಯನ್ನು ಪರಿಶೀಲಿಸಿ ಸಭೆಗೆ ವರದಿ ಮಂಡಿಸಲಿ. ಉದ್ದೇಶ ತೀರಿದ ಕ್ಯಾಮೆರಾವನ್ನು ತೆಗೆಯುವ ಅವಕಾಶವೂ ಕಾರ್ಯವಿಧಾನದಲ್ಲಿರಲಿ.

ಚರ್ಚೆಗೆ ಪ್ರಶ್ನೆಗಳು

ಅ) ನಮ್ಮ ಪಂಚಾಯತಿಯ ಡಿ.ವಿ.ಆರ್.ನಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ದೃಶ್ಯ ಯಾವ ದಿನಾಂಕದ್ದು?
ಆ) ಪಾಸ್‌ವರ್ಡ್ ಯಾರ ಯಾರ ಬಳಿ ಇದೆ? ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ?
ಇ) ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆಯಲಾಗದ ಕ್ಯಾಮೆರಾ ನಮ್ಮಲ್ಲಿ ಇದೆಯೇ?