ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹಳೇ ಕಾರು ಕೈಗೆ ಬಂದ ದಿನವೇ ಸ್ಪ್ಯಾನರ್ ಹಿಡಿಯಬೇಡಪ್ಪಾ. ಐಟಿಐ ಮುಗಿಸಿ, ತಾಯಲೂರಿನಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡವನು ನೀನು. ಯಾರದೋ ತೋಟದ ಶೆಡ್ಡಿನಲ್ಲಿ ನಿಂತಿದ್ದ ಅಮೆರಿಕನ್ ಕಾರು ಪ್ಲಿಮತ್ ನಿನ್ನ ಹತ್ತಿರ ಬಂದಿದೆ ಅಂತ ಕೇಳಿ ಸಂತೋಷವಾಯಿತು. ದಸರಾ ಹೊತ್ತಿಗೆ ಫಳಫಳ ಅನ್ನಿಸಿಬಿಡು ಅಂತ ಮಾಲೀಕರು ಹೇಳಿದ್ದಾರಂತೆ. ನೀನು ಗಟ್ಟಿಯಾಗಿ ನಿಲ್ಲಬೇಕಾದ್ದು ಅಲ್ಲೇ. ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು, ಹೊಳೆಯುವುದು ಕಟ್ಟಕಡೆಗೆ. ಪೇಂಟಿನಿಂದ ಶುರುವಾದ ಕೆಲಸಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಣ್ಣ ಒಣಗುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ, ಬ್ರೇಕ್ ಪೈಪಿನೊಳಗಿನ ತುಕ್ಕು ಹಾಗೇ ಉಳಿದಿರುತ್ತದೆ.

ಮೊದಲ ವಾರ ಬರೀ ನೋಡು. ಜೇಬಿನಲ್ಲಿ ಮೊಬೈಲ್ ಇದೆಯಲ್ಲ, ನಮ್ಮ ಕಾಲಕ್ಕೆ ಅಂಥ ಭಾಗ್ಯ ಇರಲಿಲ್ಲ. ಪ್ರತಿ ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಪ್ರತಿ ಕ್ಲಿಪ್ಪು ಯಾವ ಕಡೆ ತಿರುಗಿದೆ, ವಾಷರ್ ಎಷ್ಟಿವೆ, ಎಲ್ಲದರ ಫೋಟೋ ತೆಗೆದುಕೋ. ಜೊತೆಗೆ ಒಂದು ನೋಟ್‌ಬುಕ್ ಇಟ್ಟು ಪೆನ್ಸಿಲ್‌ನಲ್ಲಿ ಚಿತ್ರ ಬರೆ. ಫೋಟೋ ಕಣ್ಣಿಗೆ, ಚಿತ್ರ ಬುದ್ಧಿಗೆ. ಬಿಚ್ಚಿದ್ದು ಎಷ್ಟೇ ಕೆಟ್ಟಿರಲಿ ಬಿಸಾಕಬೇಡ. ಮುರಿದ ತುಂಡು ಕೈಯಲ್ಲಿದ್ದರೆ ಲೇತಿನವರು ಅದನ್ನು ನೋಡಿ ಹೊಸದು ಮಾಡಿಕೊಡುತ್ತಾರೆ. ಅದೂ ಇಲ್ಲ ಅಂದರೆ ಅವರಾದರೂ ಏನು ಮಾಡಿಯಾರು?

ಈ ಅಮೆರಿಕನ್ ಗಾಡಿಗಳು ನಮ್ಮ ಕಡೆಗೆ ಹೇಗೆ ಬಂದವು ಅಂತ ತಿಳಿದಿದ್ದರೆ ಸಾಮಾನು ಹುಡುಕುವುದು ಸುಲಭ. ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಇಂಡಿಯಾಕ್ಕೆ ಬಂದವು. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಇಲ್ಲೇ ಜೋಡಿಸಿ ಮಾರುತ್ತಿದ್ದರು. ವಾಲ್‌ಚಂದ್ ಹೀರಾಚಂದ್ ಅಂದರೆ ನಮಗೆ 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಶುರು ಮಾಡಿದವರು. ಅವರೇ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಬೊಂಬಾಯಿಯ ಕುರ್ಲಾದಲ್ಲಿ 1947ರಿಂದ ಕ್ರೈಸ್ಲರ್ ಮನೆತನದ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸಿತು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಅಂತ ಸರ್ಕಾರ ಹೇಳಿದ ಮೇಲೆ ಫೋರ್ಡೂ ಜನರಲ್ ಮೋಟಾರ್ಸೂ 1954ರ ಹೊತ್ತಿಗೆ ಬಾಗಿಲು ಹಾಕಿಕೊಂಡು ಹೋದವು. ಹಾಗಾಗಿ ಇಲ್ಲಿ ಸಿಗುವ ಅಮೆರಿಕನ್ ಕಾರುಗಳಲ್ಲಿ ಹೆಚ್ಚಿನವು ಅದಕ್ಕೆ ಹಿಂದಿನವು, ಬಹುತೇಕ ಎಲ್ಲವೂ ಬಲಗಡೆ ಸ್ಟೇರಿಂಗ್‌ನವು. ಅಮೆರಿಕದಿಂದ ತರಿಸುವ ಸ್ಟೇರಿಂಗ್ ಸಾಮಾನು ಎಡಗಡೆಯದು, ಕೂರುವುದಿಲ್ಲ. ಗಾಡಿಯಲ್ಲಿರುವ ಸ್ಟೇರಿಂಗ್ ಬಾಕ್ಸನ್ನು ಜೀವದಂತೆ ಕಾಪಾಡಿಕೋ.

ಈಗ ಬ್ರೇಕಿಗೆ ಬರೋಣ. ಪ್ಲಿಮತ್, ಡಾಡ್ಜ್‌ಗಳ ಹ್ಯಾಂಡ್‌ಬ್ರೇಕ್ ಚಕ್ರಕ್ಕಿಲ್ಲ, ಗೇರ್‌ಬಾಕ್ಸಿನ ಹಿಂದೆ ಒಂದು ಡ್ರಮ್ಮಿನ ಮೇಲಿದೆ. ಹಳೇ ವಿಲ್ಲಿಸ್ ಜೀಪಿನಲ್ಲೂ ಹಾಗೇ, ಚಕ್ರಕ್ಕಲ್ಲ, ಶಾಫ್ಟಿಗೆ. ಇದರ ಅರ್ಥ ಏನು ಗೊತ್ತಾ? ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಅನ್ನುವ ಧೈರ್ಯದಲ್ಲಿ ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟು ಎತ್ತಿದೆಯೋ, ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ನೆಲದ ಮೇಲಿರುವುದೂ ಉರುಳುತ್ತದೆ, ಒಂದೂವರೆ ಟನ್ ಗಾಡಿ ಜ್ಯಾಕಿನಿಂದ ಜಾರುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಮರದ ತುಂಡು ಕೊಡದೆ ಕೆಳಗೆ ಮಲಗಬೇಡ. ಸ್ಟ್ಯಾಂಡ್ ಇಡದೆ ಬರೀ ಜ್ಯಾಕ್ ಮೇಲೆ ಗಾಡಿ ನಿಲ್ಲಿಸಿ ಒಳಗೆ ನುಸುಳುವ ಹುಡುಗನನ್ನು ನನ್ನ ಕಣ್ಣೆದುರಿಗೆ ಕಂಡರೆ ಕಾಲು ಹಿಡಿದು ಎಳೆಯುತ್ತೇನೆ.

ಚಕ್ರ ಬಿಚ್ಚುವಾಗ ಇನ್ನೊಂದು. ಕ್ರೈಸ್ಲರ್ ಮನೆತನದ ಗಾಡಿಗಳಲ್ಲಿ ಎಡಗಡೆ ಚಕ್ರದ ಬೋಲ್ಟಿಗೆ ಎಡಚರೆ, ಅಂದರೆ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದವರು ಪೈಪು ಸಿಕ್ಕಿಸಿ ಇಬ್ಬರು ನಿಂತು ತುಳಿದು ಬೋಲ್ಟು ಮುರಿಯುತ್ತಾರೆ. ಹಿಂದಿನ ಡ್ರಮ್ಮು ಆಕ್ಸಲ್‌ನ ಟೇಪರ್ ಮೇಲೆ ಕಚ್ಚಿಕೊಂಡಿರುತ್ತದೆ, ಅದಕ್ಕೆ ಗಟ್ಟಿ ಪುಲ್ಲರ್ ಬೇಕು. ಆಕ್ಸಲ್ ತುದಿಗೆ ಸುತ್ತಿಗೆಯಲ್ಲಿ ಹೊಡೆದರೆ ಚರೆಯೂ ಹೋಗುತ್ತದೆ, ಬೇರಿಂಗೂ ಹೋಗುತ್ತದೆ. ಲೇತಿನಲ್ಲಿ ಪುಲ್ಲರ್ ಮಾಡಿಸು. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ ಬಿಡು, ಇಲ್ಲದಿದ್ದರೆ ಡ್ರಮ್ಮು ಬಿಟ್ಟಾಗ ಎದೆಗೇ ಬಂದು ಹೊಡೆಯುತ್ತದೆ. ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿಡು.

ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರು ಎಲ್ಲ ಬಿಚ್ಚು. ಒಳಗೆ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿದ್ದರೆ ತಿಕ್ಕಿ ಪ್ರಯೋಜನವಿಲ್ಲ, ಸ್ಲೀವ್ ಹಾಕಿಸು. ರಬ್ಬರ್ ಕಪ್ಪಿನ ಅಳತೆ ಇಂಚಿನಲ್ಲಿ ತೆಗೆದು, ಹಳೇ ಕಪ್ಪನ್ನೂ ಕೈಯಲ್ಲಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗು. ಹೋಸ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದರೆ ಆಯಿಲ್ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಎಲ್ಲ ಹೋಸೂ ಹೊಸದಾಗಬೇಕು. ಫ್ರಿಜ್ ರಿಪೇರಿಯವರ ತಾಮ್ರದ ಪೈಪನ್ನು ಬ್ರೇಕಿಗೆ ಬಗ್ಗಿಸಿ ಹಾಕುವವರಿದ್ದಾರೆ. ನೀನು ಹಾಕಬೇಡ. ತಾಮ್ರ ಅಲುಗಾಡಿ ಅಲುಗಾಡಿ ಗಡುಸಾಗಿ ಬಿರುಕು ಬಿಡುತ್ತದೆ.

ಬ್ರೇಕ್ ಹಿಡಿಯಿತು ಅನ್ನುವ ತನಕ ಎಂಜಿನ್ ಮುಟ್ಟಬೇಡ ಅಂದರೆ ನಿನಗೆ ಕಷ್ಟ, ನನಗೆ ಗೊತ್ತು. ಎಂಜಿನ್ ಸದ್ದು ಕೇಳುವ ಆಸೆ ಯಾರಿಗಿಲ್ಲ? ಆದರೆ ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ದೊಡ್ಡ ತಪ್ಪು. ಪ್ಲಗ್ಗು ಬಿಚ್ಚಿ, ಪ್ರತಿ ಸಿಲಿಂಡರಿಗೂ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಒಂದಿಷ್ಟು ಬಿಟ್ಟು ಕೆಲವು ದಿನ ಹಾಗೇ ಬಿಡು. ಆಮೇಲೆ ಮುಂದಿನ ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸು. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮರುದಿನ ಇನ್ನಷ್ಟು ಅಲುಗುತ್ತದೆ. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ದಿನ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಟ್ಟುಕೋ, ಕೆಳಗಿನಿಂದ ಮೇಲಕ್ಕೆ ಎಳೆ. ಹೆಬ್ಬೆರಳು ಸುತ್ತಿ ಹಿಡಿದಿದ್ದರೆ ಎಂಜಿನ್ ಹಿಂದಕ್ಕೆ ಒದ್ದಾಗ ಮಣಿಕಟ್ಟು ಮುರಿಯುತ್ತದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಹಳೇ ಕಾರಿನ ದೊಡ್ಡ ಶತ್ರು ಮಳೆಯಲ್ಲ, ಬೋರ್‌ವೆಲ್ ನೀರು. ಸಾವಿರ ಅಡಿಯ ಕೆಳಗಿನಿಂದ ಬರುವ ಆ ಗಡಸು ನೀರು ಬಚ್ಚಲ ಹಂಡೆಯ ಒಳಗೆ ಬಿಳಿ ಪದರ ಕಟ್ಟುವ ಹಾಗೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ ಬ್ಲಾಕಿನಲ್ಲೂ ಕಟ್ಟುತ್ತದೆ. ರೇಡಿಯೇಟರನ್ನು ಬಿಚ್ಚಿ ಕ್ಲೀನ್ ಮಾಡಿಸಿ ಕೈ ತೊಳೆದುಕೊಂಡರೆ ಅರ್ಧ ಕೆಲಸವೂ ಆಗಿಲ್ಲ. ಪ್ಲಿಮತ್, ಡಾಡ್ಜ್ ಎಂಜಿನ್ನಿನ ಒಳಗೆ, ವಾಟರ್ ಪಂಪಿನ ಹಿಂದಿನಿಂದ ಬ್ಲಾಕಿನ ಉದ್ದಕ್ಕೂ, ಒಂದು ಚಪ್ಪಟೆ ತಗಡಿನ ಕೊಳವೆ ಇರುತ್ತದೆ. ಪ್ರತಿ ಎಕ್ಸಾಸ್ಟ್ ವಾಲ್ವಿನ ಹತ್ತಿರಕ್ಕೂ ತಣ್ಣೀರು ಒಯ್ಯುವುದು ಅದೇ. ಅದು ತುಕ್ಕು ತಿಂದು ಉದುರಿದ್ದರೆ ನೀರು ಮುಂದಿನ ಸಿಲಿಂಡರುಗಳಲ್ಲೇ ಸುತ್ತಿ ವಾಪಸಾಗುತ್ತದೆ, ಹಿಂದಿನ ಐದು ಆರನೆಯವು ಬೇಯುತ್ತವೆ. ಡ್ಯಾಶ್‌ಬೋರ್ಡಿನ ಮೀಟರು ಮಾತ್ರ ಎಲ್ಲ ಸರಿಯಾಗಿದೆ ಅಂತಲೇ ತೋರಿಸುತ್ತಿರುತ್ತದೆ. ಹೊರಗಿನಿಂದ ಕಾಣದ ಕಾರಣ ಇದನ್ನು ಯಾರೂ ತೆಗೆಯುವುದಿಲ್ಲ. ನೀನು ತೆಗಿ. ರೇಡಿಯೇಟರು, ಪಂಪು ಬಿಚ್ಚಿದ ಮೇಲೆ ತಂತಿಯ ಕೊಕ್ಕೆ ಮಾಡಿ ಮುಂದಿನಿಂದ ಮೆಲ್ಲಗೆ ಎಳೆ. ತುಂಡು ತುಂಡಾಗಿ ಬರಬಹುದು, ತಾಳ್ಮೆ ಇರಲಿ. ಹಿತ್ತಾಳೆ ತಗಡಿನಲ್ಲಿ ಹೊಸದು ಮಾಡಿಸಿ ಹಾಕು. ಬ್ಲಾಕಿನ ಪಕ್ಕದ ಬಿರಡೆಗಳನ್ನೂ ತೆಗೆದು ಒಳಗಿನ ಕೆಸರು ಕೆರೆದು ಹಾಕು. ಆಮೇಲೆ ಕೂಲಂಟ್ ಬೆರೆಸಿದ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಮುಟ್ಟಿಸಬೇಡ.

ಹೆಡ್ ಪ್ಯಾಕಿಂಗ್ ತರಿಸುವ ಮುಂಚೆ ಹೆಡ್ಡಿನ ಉದ್ದ ಅಳೆ. ಅಮೆರಿಕದ ಪ್ಲಿಮತ್ ಹೆಡ್ಡು ಸುಮಾರು 23 ಇಂಚು, ಕೆನಡಾದಲ್ಲಿ ತಯಾರಾದದ್ದು 25 ಇಂಚು. ಎರಡಕ್ಕೂ ಹೆಸರು ಒಂದೇ, ಪ್ಯಾಕಿಂಗ್ ಬೇರೆ.

ಕರೆಂಟಿನ ಕೆಲಸ ನಿನಗೆ ಗೊತ್ತು, ಎರಡೇ ಮಾತು. ಪ್ಲಿಮತ್, ಡಾಡ್ಜ್ 1955ರ ಮಾಡೆಲ್‌ವರೆಗೆ 6 ವೋಲ್ಟ್, ಪಾಸಿಟಿವ್ ಬಾಡಿಗೆ. ಅದೇ ಕಾಲದ ಷೆವರ್ಲೆಯಲ್ಲಿ ನೆಗೆಟಿವ್ ಬಾಡಿಗೆ. ಅಭ್ಯಾಸಬಲದಿಂದ ಸಿಕ್ಕಿಸಬೇಡ. 6 ವೋಲ್ಟಿಗೆ ಹೆಬ್ಬೆರಳು ಗಾತ್ರದ ಕೇಬಲ್ ಬೇಕು. ಈಗಿನ ಕಾರಿನ ಸಣ್ಣ ಕೇಬಲ್ ಹಾಕಿ ಸೆಲ್ಫ್ ಎಳೆಯುವುದಿಲ್ಲ ಅಂತ ಮೋಟಾರನ್ನು ಬಯ್ಯುತ್ತಾರೆ. ಸ್ಪ್ಯಾನರ್ ವಿಷಯ ಹೇಳಬೇಕಾಗಿಲ್ಲ, ಹಳೇ ಮ್ಯಾಸಿ ಟ್ರ್ಯಾಕ್ಟರ್ ಬಿಚ್ಚಿದವನಿಗೆ ಇಂಚಿನ ಸೆಟ್ ಹೊಸದಲ್ಲ. ಸರಿಯಾಗಿ ಕೂರದ ಮಿಲಿಮೀಟರ್ ಸ್ಪ್ಯಾನರ್ ಹಾಕಿ ಬೋಲ್ಟಿನ ಮೂಲೆ ಸವೆಸಬೇಡ, ಅಷ್ಟೇ.

ಪೆಟ್ರೋಲ್ ಮಾತ್ರ ಈಗಿನ ಕಾಲದ ಹೊಸ ತಲೆನೋವು. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಅದಕ್ಕೆ ಕರಗುತ್ತವೆ, ನಿಂತಲ್ಲಿ ಗಾಳಿಯ ತೇವ ಹೀರಿ ಕಾರ್ಬುರೇಟರಿನ ಬಟ್ಟಲಿಗೆ ತುಕ್ಕು ಹಿಡಿಸುತ್ತದೆ. ವಿಟಾನ್ ರಬ್ಬರಿನದು ಕೇಳಿ ಹಾಕು. ತಿಂಗಳಾನುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರು ಖಾಲಿ ಮಾಡು. ಟ್ಯಾಂಕ್ ತೂತಾಗಿದ್ದರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡ. ಒಣಗಿದಂತೆ ಕಾಣುವ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ, ಸಿಡಿಯುತ್ತದೆ.

ಕೆಲವರು ನಿನ್ನ ಹತ್ತಿರ ಡೀಸೆಲ್ ಎಂಜಿನ್ ಕೂರಿಸಿದ ಡಾಡ್ಜ್ ತಂದು, ಇದನ್ನು ಗುಜರಿಗೆ ಹಾಕಿ ಒರಿಜಿನಲ್ ಎಂಜಿನ್ ಹುಡುಕು ಅನ್ನಬಹುದು. ಒಂದು ಕ್ಷಣ ಯೋಚಿಸು. ಕ್ಯೂಬಾದಲ್ಲಿ ಅಮೆರಿಕದ ದಿಗ್ಬಂಧನದ ನಂತರ ಜನ ರಷ್ಯಾದ ಎಂಜಿನ್ ಕೂರಿಸಿ ಷೆವರ್ಲೆಗಳನ್ನು ಇವತ್ತಿಗೂ ಓಡಿಸುತ್ತಿದ್ದಾರೆ. ನಮ್ಮಲ್ಲೂ ಟ್ಯಾಕ್ಸಿಯವರು ಪರ್ಕಿನ್ಸ್ ಡೀಸೆಲ್ ಹಾಕಿ ಸಂಸಾರ ಸಾಕಿದರು. ಆ ಗಾಡಿಗಳು ಗುಜರಿಗೆ ಹೋಗದೆ ಉಳಿದದ್ದು ಅದರಿಂದಲೇ. ಮೊದಲಿನ ಎಂಜಿನ್ ಅದೇ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ವಾಪಸ್ ಕೂರಿಸು. ಇಲ್ಲದಿದ್ದರೆ ಆ ಡೀಸೆಲ್ ಎಂಜಿನ್ನನ್ನೇ ಮರ್ಯಾದೆಯಿಂದ ರಿಪೇರಿ ಮಾಡು. ಆದರೆ ಒರಿಜಿನಲ್ ಇರುವ ಗಾಡಿಗೆ ಇವತ್ತು ಹೊಸದಾಗಿ ಬೇರೆ ಎಂಜಿನ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ನೂರು ಕಿಲೋಮೀಟರ್ ಓಡಬೇಕಾದ ಅಗತ್ಯ ಆ ಕಾರಿಗೆ ಈಗ ಇಲ್ಲ.

ಕಾಗದಪತ್ರವೂ ಅದನ್ನೇ ಹೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ ಶುಲ್ಕ, 10 ವರ್ಷಕ್ಕೆ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿ.ಎ.’ ಅನ್ನುವ ಅಕ್ಷರ ಬರುತ್ತದೆ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ರಸ್ತೆಗೆ ತರಬಹುದು, ಬಾಡಿಗೆಗೆ ಬಿಡುವಂತಿಲ್ಲ. ಮಾಲೀಕರ ಹತ್ತಿರ ಆರ್‌ಸಿ ಇದೆಯಾ, ಚಾಸಿಸ್ ನಂಬರ್ ತಾಳೆಯಾಗುತ್ತದೆಯಾ ಅಂತ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಡು. ನಂಬರ್ ಉಜ್ಜಿಕೊಡು ಅನ್ನುವವರ ಗಾಡಿ ನಿನ್ನ ಅಂಗಳಕ್ಕೇ ಬರಬಾರದು.

ಪ್ಲಿಮತ್ತು ದಿನವೂ ಬರುವುದಿಲ್ಲ. ನಮ್ಮ ಕಡೆ ಕೈಗೆಟುಕುವ ಅಮೆರಿಕನ್ ಗಾಡಿ ಅಂದರೆ ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಅದರ ಆಮೇಲಿನ ಮಾಡೆಲ್ಲುಗಳ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಒಂದನ್ನು ಪೂರ್ತಿ ಬಿಚ್ಚಿ ಜೋಡಿಸಿದವನಿಗೆ ಎರಡೂ ಬಗೆಯ ಎಂಜಿನ್ ಅರ್ಥವಾಗುತ್ತದೆ. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ, ಸಾಮಾನೂ ಸಿಗುತ್ತದೆ. ಸಾಧ್ಯವಾದಾಗ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ಹಳೇ ಕಾರುಗಳನ್ನು ನೋಡಿ ಬಾ. ಬಣ್ಣ ನೋಡಬೇಡ. ಬಾಗಿಲಿನ ಸಂದು ಎಷ್ಟು ಅಂತರ ಇದೆ, ಬೋಲ್ಟಿನ ತಲೆ ಎಂಥದು, ರಬ್ಬರ್ ಬೀಡಿಂಗ್ ಎಲ್ಲಿ ಮುಗಿಯುತ್ತದೆ, ಅದನ್ನು ನೋಡು.

ಮಾಲೀಕರ ಜೊತೆ ಲೆಕ್ಕ ಚೊಕ್ಕವಾಗಿರಲಿ. ಏನು ಬಿಚ್ಚಿದೆ, ಏನು ಹಾಕಿದೆ, ಎಷ್ಟು ಕೊಟ್ಟೆ, ಎಲ್ಲ ಬರೆದಿಡು. ಬದಲಾಯಿಸಿದ ಹಳೇ ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿ ಅವರಿಗೇ ಕೊಡು. ಒರಿಜಿನಲ್ ಕಾರ್ಬುರೇಟರ್ ಎತ್ತಿಕೊಂಡು ಬೇರೆಯದು ಸಿಕ್ಕಿಸಿ ಕಳಿಸಿದವರ ಹೆಸರು ಈ ಸಣ್ಣ ಲೋಕದಲ್ಲಿ ಬೇಗ ಹರಡುತ್ತದೆ. ದಸರಾಕ್ಕೆ ಆಗುವುದಿಲ್ಲ ಅಂತ ಇವತ್ತೇ ಹೇಳಿಬಿಡು.

ಕೊನೆಯದಾಗಿ ಒಂದು, ಇದು ಅವಸರದ್ದು. 1953ಕ್ಕೆ ಹಿಂದಿನ ಷೆವರ್ಲೆ ಎಂಜಿನ್ನಿನ ರಾಡುಗಳಲ್ಲಿ ಈಗಿನ ಹಾಗೆ ತೆಗೆದು ಹಾಕುವ ಬೇರಿಂಗ್ ಇಲ್ಲ. ಕನೆಕ್ಟಿಂಗ್ ರಾಡಿಗೆ ವೈಟ್ ಮೆಟಲ್ ಕರಗಿಸಿ ಹೊಯ್ದು, ಬೋರ್ ಮಾಡಿ, ನೀಲಿ ಹಚ್ಚಿ ಎಲ್ಲಿ ತಗಲುತ್ತದೆ ಅಂತ ನೋಡುತ್ತಾ ಕೈಯಲ್ಲೇ ಕೆರೆದು ಕೂರಿಸಬೇಕು. ಕೆ.ಜಿ.ಎಫ್‌ನ ಚಿನ್ನದ ಗಣಿಯ ವರ್ಕ್‌ಶಾಪುಗಳಲ್ಲಿ ಇಂಥ ಕೆಲಸ ಕಲಿತವರಿದ್ದರು. ನಾನೂ ಫಿಟ್ಟರ್ ಕೆಲಸ ಕಲಿತದ್ದು ಅಲ್ಲೇ. ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿ ದುಡಿದವರು ಈಗ ವಯಸ್ಸಾದವರು, ಕೆಲವರ ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ, ಆದರೆ ತಲೆಯಲ್ಲಿ ಎಲ್ಲ ಇದೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಲೇತ್ ಅಂಗಡಿಗಳಲ್ಲಿ ವಿಚಾರಿಸು, ಅಂಥವರ ಮನೆ ತೋರಿಸುತ್ತಾರೆ. ನೋಟ್‌ಬುಕ್ ತಗೊಂಡು ಈ ತಿಂಗಳೇ ಹೋಗು. ಲೋಹ ಎಷ್ಟು ಕಾಯಬೇಕು, ಅಚ್ಚನ್ನು ಎಷ್ಟು ಬಿಸಿ ಮಾಡಬೇಕು, ಎಷ್ಟು ಬೇಗ ಹೊಯ್ಯಬೇಕು, ಕೇಳಿ ಬರೆದುಕೋ. ಒಪ್ಪಿದರೆ ಅವರನ್ನು ಕರೆದುಕೊಂಡು ಬಂದು ನಿನ್ನ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಅವರ ಎದುರಿಗೇ ಒಂದು ರಾಡಿಗೆ ಹೊಯ್ದು ನೋಡು. ಪ್ಲಿಮತ್ ಒಂದು ವಾರ ಕಾಯಲಿ, ಏನೂ ಆಗುವುದಿಲ್ಲ.