ಆರ್ಥಿಕ ಮುಗ್ಗಟ್ಟು ಮತ್ತು ಸರ್ಕಾರದ ಹಸ್ತಕ್ಷೇಪ: ಅಮೆರಿಕದ ಅನುಭವದಿಂದ ಕೆಲವು ಪಾಠಗಳು

ವ್ಯಾಪಾರ ಕುಸಿದಾಗ ಸರ್ಕಾರ ಮಧ್ಯೆ ಪ್ರವೇಶಿಸಬೇಕೇ ಅಥವಾ ಮಾರುಕಟ್ಟೆ ತಾನಾಗಿ ಚೇತರಿಸಿಕೊಳ್ಳಲು ಬಿಡಬೇಕೇ? 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದ ನಂತರ ಅಮೆರಿಕದ ರಾಜಕಾರಣವನ್ನು ಒಂದು ದಶಕ ಕಾಲ ಆವರಿಸಿದ್ದು ಇದೇ ಪ್ರಶ್ನೆ. ಅಧ್ಯಕ್ಷ ಹರ್ಬರ್ಟ್ ಹೂವರ್ ಕೈಕಟ್ಟಿ ಕುಳಿತರು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಣ ಸುರಿದು ದೇಶವನ್ನು ಎತ್ತಿ ನಿಲ್ಲಿಸಿದರು ಎಂಬುದು ಜನಜನಿತವಾದ ಮಾತು. ವಾಸ್ತವಾಂಶಗಳು ಇಷ್ಟು ಸರಳವಾಗಿಲ್ಲ.

ಹೂವರ್ ಆಡಳಿತವೂ ಹಸ್ತಕ್ಷೇಪ ಮಾಡಿತ್ತು. 1930ರಲ್ಲಿ ಆಮದು ಸುಂಕವನ್ನು ಏರಿಸಲಾಯಿತು. ಇತರ ದೇಶಗಳೂ ಪ್ರತಿಸುಂಕ ಹೇರಿದ್ದರಿಂದ ರಫ್ತು ಕುಗ್ಗಿತು. 1932ರಲ್ಲಿ ಬ್ಯಾಂಕು ಮತ್ತು ರೈಲ್ವೆ ಕಂಪನಿಗಳಿಗೆ ಸಾಲ ನೀಡಲು ಸರ್ಕಾರಿ ನಿಗಮವೊಂದು ಸ್ಥಾಪನೆಯಾಯಿತು. ಅದೇ ವರ್ಷ ಆಯವ್ಯಯದ ಕೊರತೆ ತುಂಬಲು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 25ರಿಂದ ಶೇ. 63ಕ್ಕೆ ಏರಿಸಲಾಯಿತು. ಆ ವರ್ಷದ ಚುನಾವಣೆಯಲ್ಲಿ ಸರ್ಕಾರಿ ವೆಚ್ಚವನ್ನು ಶೇ. 25ರಷ್ಟು ಕಡಿತಗೊಳಿಸುವ ಭರವಸೆ ನೀಡಿದ್ದು ರೂಸ್‌ವೆಲ್ಟರ ಪಕ್ಷವೇ!

1933ರ ಮಾರ್ಚ್‌ನಲ್ಲಿ ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡಾಗ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅವರು ಮೊದಲು ಎಲ್ಲ ಬ್ಯಾಂಕುಗಳನ್ನೂ ಮುಚ್ಚಿಸಿ, ಸುಭದ್ರವಾದವುಗಳನ್ನು ಮಾತ್ರ ಮತ್ತೆ ತೆರೆಯಲು ಅನುಮತಿ ನೀಡಿದರು. 1934ರ ಜನವರಿ 1ರಿಂದ 2,500 ಡಾಲರ್‌ವರೆಗಿನ ಠೇವಣಿಗೆ ವಿಮೆ ಜಾರಿಗೆ ಬಂದಿತು. 1933ರಲ್ಲಿ ಸುಮಾರು 4,000 ಬ್ಯಾಂಕುಗಳು ವ್ಯವಹಾರ ನಿಲ್ಲಿಸಿದ್ದವು. 1934ರಲ್ಲಿ ವಿಮೆಯುಳ್ಳ ಬ್ಯಾಂಕುಗಳಲ್ಲಿ ಮುಳುಗಿದವು 9 ಮಾತ್ರ.

ಆದರೆ ಎಲ್ಲ ಕ್ರಮಗಳೂ ಹೀಗೆ ಫಲ ನೀಡಲಿಲ್ಲ. 1933ರ ಕೈಗಾರಿಕಾ ಪುನಶ್ಚೇತನ ಕಾಯಿದೆಯು ಒಂದೊಂದು ಉದ್ಯಮಕ್ಕೂ ವೇತನ, ದುಡಿಮೆಯ ಅವಧಿ ಮತ್ತು ಮಾರಾಟದ ರೀತಿಗಳನ್ನು ನಿಗದಿಪಡಿಸುವ ಸಂಹಿತೆಗಳಿಗೆ ದಾರಿ ಮಾಡಿತು. ಬ್ರೂಕ್ಲಿನ್‌ನ ಷೆಕ್ಟರ್ ಸಹೋದರರೆಂಬ ಕೋಳಿ ಸಗಟು ವ್ಯಾಪಾರಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಗಿರಾಕಿಗೆ ಬೇಕಾದ ಕೋಳಿಯನ್ನು ಆರಿಸಿಕೊಳ್ಳಲು ಬಿಟ್ಟರೆಂಬುದೂ ಆರೋಪಗಳಲ್ಲಿ ಒಂದು. 1935ರ ಮೇ 27ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಾಧೀಶರು ಆ ವ್ಯವಸ್ಥೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದರು.

ಚೇತರಿಕೆ ಕಂಡಿತೆಂದು 1937ರಲ್ಲಿ ಸರ್ಕಾರ ವೆಚ್ಚವನ್ನು ಕಡಿತಗೊಳಿಸಿತು. ಬ್ಯಾಂಕುಗಳು ಇಡಬೇಕಾದ ಮೀಸಲು ನಿಧಿಯನ್ನೂ ಹೆಚ್ಚಿಸಲಾಗಿತ್ತು. ಪರಿಣಾಮವಾಗಿ ಕೈಗಾರಿಕಾ ಉತ್ಪಾದನೆ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು. 1938ರಲ್ಲಿ ಸರ್ಕಾರ ಮತ್ತೆ ವೆಚ್ಚದ ದಾರಿ ಹಿಡಿಯಬೇಕಾಯಿತು.

ಆದ್ದರಿಂದ ಹಸ್ತಕ್ಷೇಪ ಬೇಕೇ ಬೇಡವೇ ಎಂಬುದು ಅಪೂರ್ಣ ಪ್ರಶ್ನೆ. ಯಾವ ಕ್ರಮ, ಅದರ ಹೊರೆ ಯಾರ ಮೇಲೆ, ಅದನ್ನು ಯಾವಾಗ ಹಿಂತೆಗೆದುಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳನ್ನು ವರ್ತಕರು ಕೇಳಬೇಕು. ಠೇವಣಿಯ ಭದ್ರತೆ ವ್ಯಾಪಾರದಲ್ಲಿ ನಂಬಿಕೆಯನ್ನು ಮರಳಿ ತಂದಿತು. ಅಂಗಡಿಯೊಳಗಿನ ವ್ಯವಹಾರಕ್ಕೇ ಕಟ್ಟಳೆ ಹಾಕಿದ್ದು ಸಣ್ಣ ವ್ಯಾಪಾರಿಯನ್ನು ನ್ಯಾಯಾಲಯಕ್ಕೆ ಎಳೆಯಿತು. ಭಾರತದಲ್ಲಿ ಠೇವಣಿ ವಿಮೆ 1962ರಲ್ಲಿ ಆರಂಭವಾಯಿತು. 2020ರಲ್ಲಿ ಅದರ ಮಿತಿ 5 ಲಕ್ಷ ರೂಪಾಯಿಗೆ ಏರಿತು. ಚಾಲ್ತಿ ಖಾತೆಗೂ ಇದು ಅನ್ವಯಿಸುತ್ತದೆ. ಮುಗ್ಗಟ್ಟು ಬರುವ ಮೊದಲೇ ಉದ್ದಿಮೆದಾರರು ತಮ್ಮ ಹಣ ಎಲ್ಲಿ, ಎಷ್ಟು ಇದೆಯೆಂದು ಈ ಮಿತಿಯೊಡನೆ ಹೋಲಿಸಿ ನೋಡುವುದು ಒಳಿತು.