ಹುಳಿ ಹಿಂಡಿದರೆ ಮೀನು ಬೇಯುವುದಿಲ್ಲ

ಹಸಿ ಮೀನಿನ ತುಂಡಿಗೆ ನಿಂಬೆಹಣ್ಣು ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮಾಂಸ ಬೆಳ್ಳಗಾಗಿ, ಗಟ್ಟಿಯಾಗಿ, ಬೆಂದ ಹಾಗೆಯೇ ಕಾಣುತ್ತದೆ. ಅದನ್ನು ನಂಬಿ ಬಾಯಿಗೆ ಹಾಕಿಕೊಳ್ಳುವವರಿಗೇ ಈ ನಾಲ್ಕು ಮಾತು. ನಿಂಬೆಹುಳಿ, ಹುಣಸೆಹುಳಿ, ವಿನಿಗರ್, ಉಪ್ಪು, ಖಾರ ಯಾವುದೂ ಒಲೆಯ ಕೆಲಸ ಮಾಡುವುದಿಲ್ಲ. ಮೀನಿನ ನಾತ ಹೋಗುತ್ತದೆ, ಒಳಗಿನ ಹುಳು ಹೋಗುವುದಿಲ್ಲ.

ಯಾವ ಹುಳು ಅಂತೀರಾ? ಥಾಯ್ಲೆಂಡಿನ ಈಶಾನ್ಯಕ್ಕೆ ಇಸಾನ್ ಎಂಬ ಸೀಮೆಯಿದೆ. ಅಲ್ಲಿ ಕೆರೆ ಹೊಳೆಗಳ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆರಸ, ಮೆಣಸಿನಪುಡಿ, ಸೊಪ್ಪು ಕಲಸಿ ‘ಕೊಯ್ ಪ್ಲಾ’ ಎಂಬ ತಿನಿಸು ಮಾಡುತ್ತಾರೆ. ಗದ್ದೆ ಕೆಲಸದವರಿಗೆ ಅದು ತಲೆಮಾರುಗಳಿಂದ ಬಂದ ರುಚಿ. ಆ ಮೀನಿನ ಮಾಂಸದಲ್ಲಿ ಒಪಿಸ್ತೋರ್ಕಿಸ್ ಎಂಬ ಚಪ್ಪಟೆ ಹುಳುವಿನ ಮರಿ ಕೋಶ ಕಟ್ಟಿಕೊಂಡು ಕೂತಿರುತ್ತದೆ. ಗಾತ್ರ ಸುಮಾರು 0.2 ಮಿಲಿಮೀಟರ್. ನೀವು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಅದು ಪಿತ್ತನಾಳಕ್ಕೆ ಹತ್ತಿ, ದೊಡ್ಡದಾಗಿ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ನೋವಿಲ್ಲ, ಜ್ವರವಿಲ್ಲ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ನಾಳದ ಗೋಡೆ ಕೆರಳುತ್ತಲೇ ಇದ್ದು, ಕೆಲವರಿಗೆ ಅದು ಪಿತ್ತನಾಳದ ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಹುಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಿತು. ಖೋನ್ ಕೇನ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ನರೋಂಗ್ ಖುಂತಿಕೇವ್ ಅವರ ತಂದೆ ತಾಯಿ ಇಬ್ಬರೂ ಇದೇ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಹಳ್ಳಿ ಹಳ್ಳಿಗೆ ಹೋಗಿ ಮೀನು ಬೇಯಿಸಿ ತಿನ್ನಿ ಎಂದು ಹೇಳುತ್ತ ಬಂದಿದ್ದಾರೆ. ಆದರೂ ಬೇಯಿಸಿದರೆ ರುಚಿ ಕೆಡುತ್ತದೆ ಎನ್ನುವ ಹಿರಿಯರು ಅಲ್ಲಿ ಇದ್ದೇ ಇದ್ದಾರೆ. ನಾಲಿಗೆಯ ಹಟ ಎಲ್ಲ ಊರಲ್ಲೂ ಒಂದೇ.

ಹುಳು ಮೀನಿಗೆ ಬಂದದ್ದು ಹೇಗೆ ಎಂಬುದೂ ನಿಮಗೆ ಗೊತ್ತಿರಲಿ. ಸೋಂಕಿರುವ ಮನುಷ್ಯರ, ನಾಯಿ ಬೆಕ್ಕುಗಳ ಮಲ ನೀರಿಗೆ ಸೇರುತ್ತದೆ. ಅದರಲ್ಲಿರುವ ಮೊಟ್ಟೆಯನ್ನು ನೀರಿನ ಬಸವನಹುಳು ತಿನ್ನುತ್ತದೆ. ಅದರೊಳಗೆ ಬೆಳೆದ ಮರಿ ಹೊರಗೆ ಈಜಿ ಮೀನಿನ ಮೈ ಹೊಗುತ್ತದೆ. ಆ ಮೀನನ್ನು ಹಸಿಯಾಗಿ ತಿಂದವರಿಂದ ಮತ್ತೆ ನೀರಿಗೆ. ಈ ಸುತ್ತನ್ನು ನಿಲ್ಲಿಸಲು ಒಂದು ಪಾಯಿಖಾನೆ ಬೇಕು, ಒಂದು ಒಲೆ ಬೇಕು. ಆದ್ದರಿಂದ ಮೀನು ಸಾಕುವ ಹೊಂಡ ಇಟ್ಟುಕೊಂಡವರು ಪಾಯಿಖಾನೆಯ ನೀರು ಅತ್ತ ಹರಿಯದ ಹಾಗೆ ನೋಡಿಕೊಳ್ಳಿ. ಮೀನು ಹೆಚ್ಚಿದ ಮೇಲೆ ಕರುಳನ್ನು ಕೆರೆಗೆ ಎಸೆಯಬೇಡಿ, ಬೆಕ್ಕು ನಾಯಿಗೂ ಹಸಿಯಾಗಿ ಹಾಕಬೇಡಿ. ಗುಂಡಿ ತೋಡಿ ಮುಚ್ಚಿ, ಇಲ್ಲವೇ ಬೇಯಿಸಿ ಹಾಕಿ.

ಹೆದರಿಕೊಂಡು ಮೀನು ಬಿಟ್ಟುಬಿಡುವುದೂ ಬೇಡ. ಮಣ್ಣಿನ ಮಡಕೆಯಲ್ಲಿ ಕೊತಕೊತ ಕುದಿದ ಮೀನುಸಾರಿಗೆ ಯಾವ ಹುಳುವೂ ಎದುರು ನಿಲ್ಲುವುದಿಲ್ಲ. ಕಾಟ್ಲಾ ಮೀನಿನ ಮೈಗೆ ಅಂಟಿದ ಹೇನು, ದಾರದ ಹಾಗೆ ಜೋತ ಲಂಗರು ಹುಳು ಕಂಡು ನೀವು ಮುಖ ಸಿಂಡರಿಸುತ್ತೀರಿ. ಅವು ಮೀನಿಗೆ ಕಾಟ ಕೊಡುವಂಥವು, ನಿಮ್ಮ ಮೈಯಲ್ಲಿ ಬದುಕುವುದಿಲ್ಲ. ಕಿತ್ತು ತೊಳೆದು ಅಡುಗೆ ಮಾಡಬಹುದು. ನೀವು ಭಯಪಡಬೇಕಾದ್ದು ಕಣ್ಣಿಗೆ ಕಾಣದ್ದಕ್ಕೆ.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಆತುರದಿಂದ. ಕೆರೆ ಏರಿಯ ಮೇಲೆ ಸ್ನೇಹಿತರೆಲ್ಲ ಸೇರಿ ಕೆಂಡದಲ್ಲಿ ಇಡೀ ಮೀನು ಸುಡುತ್ತೀರಿ. ಹೊರಗೆ ಕರಿ ಹಿಡಿದಿರುತ್ತದೆ, ಒಳಗೆ ಬೆನ್ನುಮೂಳೆಯ ಪಕ್ಕ ಇನ್ನೂ ಹಸಿ. ಬೇಯುವ ತನಕ ಇದ್ದವರು ಆರುವ ತನಕ ಇರಲಾರರೇ ಎನ್ನುತ್ತಾರೆ, ನೀವು ಬೇಯುವ ತನಕವೂ ಇರುವುದಿಲ್ಲ! ದಪ್ಪ ಮೀನಾದರೆ ಎರಡೂ ಕಡೆ ಮೂಳೆ ತಾಗುವ ಹಾಗೆ ಗೀರು ಹಾಕಿ. ಬೆಂದಿದೆಯೇ ಎಂದು ನೋಡಲು ಅತಿ ದಪ್ಪ ಇರುವ ಕಡೆ ಬಿಡಿಸಿ ನೋಡಿ. ಮಾಂಸ ಮುಳ್ಳಿನಿಂದ ತಾನಾಗಿ ಬಿಟ್ಟುಕೊಳ್ಳಬೇಕು, ಪದರ ಪದರವಾಗಿ ಬೆಳ್ಳಗಿರಬೇಕು. ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಮೂಳೆಗೆ ಕಚ್ಚಿಕೊಂಡಿದ್ದರೆ ಮತ್ತೆ ಬೆಂಕಿಗಿಡಿ. ಅಳತೆ ಬೇಕೆನ್ನುವವರಿಗೆ ಹೇಳುತ್ತೇನೆ, ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಇನ್ನೊಂದು ಕೆಟ್ಟ ಚಾಳಿ. ಮೀನು ಹೆಚ್ಚಿದ ಮಣೆ, ಚಾಕುವಿಗೆ ಒಂದು ಚೊಂಬು ನೀರು ತೋರಿಸಿ ಅದರಲ್ಲೇ ಸೌತೆಕಾಯಿ ಈರುಳ್ಳಿ ಹೆಚ್ಚುವುದು. ಸಾರೇನೋ ಕುದಿಯುತ್ತದೆ, ಕೋಸಂಬರಿ ಕುದಿಯುತ್ತದೆಯೇ? ಮೊದಲು ತರಕಾರಿ ಹೆಚ್ಚಿಟ್ಟುಕೊಳ್ಳಿ, ಆಮೇಲೆ ಮೀನಿಗೆ ಕೈ ಹಾಕಿ. ಮಣೆ, ಚಾಕು, ಕೈ ಮೂರನ್ನೂ ಸೋಪು ಹಾಕಿ ಉಜ್ಜಿ. ಫ್ರಿಜ್ಜಿನಲ್ಲಿಟ್ಟಿದ್ದೆ, ಹುಳು ಸತ್ತಿರುತ್ತದೆ ಎಂಬ ಮಾತನ್ನೂ ನನಗೆ ಹೇಳಬೇಡಿ. ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು, ಮನೆಯ ಫ್ರಿಜ್ಜಿನ ಮೇಲಿನ ಗೂಡು ಅಷ್ಟು ತಣ್ಣಗಿರುತ್ತದೆ ಎಂದು ನಂಬುವ ಹಾಗಿಲ್ಲ.

ಪ್ರವಾಸಕ್ಕೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವ ಮಕ್ಕಳೇ, ಊಟ ಬಲ್ಲವನಿಗೆ ರೋಗವಿಲ್ಲ ಎಂಬುದನ್ನು ಮರೆಯಬೇಡಿ. ಹೊಸ ರುಚಿ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಸಿಹಿನೀರಿನ ಮೀನನ್ನು ಹಸಿಯಾಗಿ ಎಲ್ಲೂ ತಿನ್ನಬೇಡಿ. ಒಪಿಸ್ತೋರ್ಕಿಸ್‌ನ ದಾಯಾದಿಯೊಂದು ದಕ್ಷಿಣ ಚೀನಾ, ಕೊರಿಯಾಗಳಲ್ಲಿದೆ. ಉತ್ತರ ಯುರೋಪಿನ ಸರೋವರದ ಮೀನುಗಳಲ್ಲಿ 10 ಮೀಟರ್ ಉದ್ದಕ್ಕೆ ಬೆಳೆಯಬಲ್ಲ ಲಾಡಿಹುಳುವಿನ ಮರಿ ಇರುತ್ತದೆ. ಅದು ಕರುಳಿನಲ್ಲಿ ಕೂತು ನಿಮಗೆ ಸೇರಬೇಕಾದ ಬಿ12 ಜೀವಸತ್ವವನ್ನು ತಾನು ಹೀರುತ್ತದೆ. ಜೊತೆಗೆ ಒಂದು ಗುಟುಕು ಮದ್ಯ ಹಾಕಿದರೆ ಎಲ್ಲ ಸತ್ತುಹೋಗುತ್ತದೆ ಎಂದು ಗೆಳೆಯರು ಹೇಳಿದರೆ ಕೇಳಬೇಡಿ.

ಮೃಗಶಿರಾ ಮಳೆ ಹೊತ್ತಿಗೆ ಉಬ್ಬಸದ ಮದ್ದಿಗೆಂದು ನಮ್ಮ ಕಡೆಯಿಂದಲೂ ಜನ ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿ ಜೀವಂತ ಕೊರಮೀನಿನ ಮರಿಯನ್ನೇ ಮದ್ದಿನ ಜೊತೆ ನುಂಗಿಸುತ್ತಾರೆ. ನಂಬಿಕೆಯನ್ನು ನೋಯಿಸಲು ನನಗೂ ಮನಸ್ಸಿಲ್ಲ. ಆದರೆ ಕೊರಮೀನಿನ ಜಾತಿಯ ಮೀನುಗಳಲ್ಲಿ ನಾತೊಸ್ಟೋಮಾ ಎಂಬ ಹುಳುವಿನ ಮರಿ ಇರಬಹುದು. ಅದು ಚರ್ಮದ ಕೆಳಗೆ ಅಲೆದಾಡಿ, ಇಂದು ಇಲ್ಲಿ ನಾಳೆ ಅಲ್ಲಿ ಬಾವು ಎಬ್ಬಿಸುತ್ತದೆ. ಕೆಲವೊಮ್ಮೆ ಕಣ್ಣಿಗೆ, ಮೆದುಳಿಗೂ ಹೋಗುತ್ತದೆ. ಉಬ್ಬಸಕ್ಕೆ ಇನ್‌ಹೇಲರ್ ಇದೆ, ವೈದ್ಯರಿದ್ದಾರೆ. ಮಕ್ಕಳ ಗಂಟಲಿಗಂತೂ ಜೀವಂತ ಮೀನು ತುರುಕಬೇಡಿ.

ಏಡಿಯನ್ನೂ ಮರೆಯುವಂತಿಲ್ಲ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲಗಳಲ್ಲಿ ಹೊಳೆಯ ಏಡಿಯನ್ನು ಹಸಿಯಾಗಿಯೋ ಅರೆಬರೆ ಸುಟ್ಟೋ ತಿಂದವರಿಗೆ ಶ್ವಾಸಕೋಶದ ಹುಳು ಹತ್ತುತ್ತದೆ. ಕೆಮ್ಮು, ಕಫದಲ್ಲಿ ರಕ್ತ. ನೋಡಿದವರು ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಅದರ ಮಾತ್ರೆ ಕೊಟ್ಟದ್ದುಂಟು. ನೆಗಡಿಗೆ ಏಡಿ ಸಾರು ಕುಡಿಯುವ ಮಲೆನಾಡಿನವರೇ, ಸಾರು ಚೆನ್ನಾಗಿ ಮರಳಲಿ. ಕೆಂಡಕ್ಕೆ ಹಾಕಿದ ಏಡಿಯ ಕಾಲು ಕೆಂಪಾದ ಕೂಡಲೇ ಮುರಿದು ಚೀಪಬೇಡಿ.

ಈಗಾಗಲೇ ತಿಂದಾಗಿದ್ದರೆ? ಅಟ್ಟ ಮೇಲೆ ಒಲೆ ಉರಿಯಿತು ಎಂದು ಕೈಚೆಲ್ಲಬೇಕಾಗಿಲ್ಲ. ಪಿತ್ತನಾಳದ ಹುಳುವಿಗೂ ಶ್ವಾಸಕೋಶದ ಹುಳುವಿಗೂ ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಇದೆ. ಅದನ್ನು ವೈದ್ಯರೇ ಬರೆದುಕೊಡಬೇಕು. ಮನೆಯಲ್ಲಿ ಎಲ್ಲರೂ ನುಂಗುವ ಒಂದು ಜಂತುಹುಳದ ಮಾತ್ರೆ ಇದಕ್ಕೆ ಸಾಲದು. ಔಷಧಿ ತೆಗೆದುಕೊಂಡಾಯಿತಲ್ಲ ಎಂದು ಮತ್ತೆ ಹಸಿ ಮೀನಿಗೆ ಕೈ ಹಾಕಿದರೆ ಹುಳು ಮತ್ತೆ ಹತ್ತುತ್ತದೆ. ವೈದ್ಯರ ಮುಂದೆ ಕೂತಾಗ ನಾಚಿಕೊಳ್ಳದೆ ಹೇಳಿ: ಯಾವ ಊರಿನಲ್ಲಿ, ಯಾವ ಮೀನು ಅಥವಾ ಏಡಿ, ಹಸಿಯೋ ಅರೆಬೆಂದದ್ದೋ, ಎಷ್ಟು ದಿನದ ಹಿಂದೆ. ನೀವು ಹೇಳದೆ ಅವರಿಗೆ ಮಲ, ಕಫಗಳಲ್ಲಿ ಹುಳುವಿನ ಮೊಟ್ಟೆ ಹುಡುಕಿಸಬೇಕೆಂದು ಹೊಳೆಯುವುದು ಕಷ್ಟ.